ಸಂಕಲನದ ಮೇಜಿನ ಮೇಲೆ ಮಲೆನಾಡು



ಸಿನಿಮಾ ಸಂಕಲನದ ವಿಷಯವನ್ನು ಒಂದು ರೈಲು ಸುರಂಗದಿಂದ ಆರಂಭಿಸುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಸುಮಾರು 55 ಕಿಲೋಮೀಟರ್ ರೈಲುದಾರಿಯಲ್ಲಿ 57 ಸುರಂಗ, 109 ಸೇತುವೆಗಳಿವೆ ಎಂದು ನಿಮಗೆಲ್ಲ ಗೊತ್ತು. ನಾನು ಹೇಳಹೊರಟ ಸುರಂಗ ಮಾತ್ರ ಇಂಗ್ಲೆಂಡಿನದು, 1899ರದು. ಆಗ ಸಿನಿಮಾ ಹುಟ್ಟಿ ನಾಲ್ಕು ವರ್ಷ. ರೈಲು ಎಂಜಿನ್ನಿನ ಮೂತಿಗೆ ಕ್ಯಾಮೆರಾ ಕಟ್ಟಿ, ಮುಂದೆ ಬಿಚ್ಚಿಕೊಳ್ಳುವ ಹಳಿ, ಬೆಟ್ಟ, ಸುರಂಗಗಳನ್ನು ಚಿತ್ರಿಸಿ ತೋರಿಸುವುದು ಆ ಕಾಲದ ದೊಡ್ಡ ಆಕರ್ಷಣೆ. ಸೆಸಿಲ್ ಹೆಪ್‌ವರ್ತ್ ಅಂಥದೊಂದು ಚಿತ್ರ ಮಾಡಿದ್ದ. ಜಾರ್ಜ್ ಆಲ್ಬರ್ಟ್ ಸ್ಮಿತ್ ಎಂಬ ಇನ್ನೊಬ್ಬ ರೈಲಿನ ಡಬ್ಬಿಯ ಒಳಭಾಗದಂತೆ ಒಂದು ಸೆಟ್ ಹಾಕಿ, ಅದರಲ್ಲಿ ಗಂಡಸು ಹೆಂಗಸು ಇಬ್ಬರನ್ನು ಕೂರಿಸಿ, ಅವರು ಮುತ್ತಿಡುವ ಒಂದೇ ಒಂದು ಶಾಟ್ ತೆಗೆದ. ತೆಗೆದು, ಚಿತ್ರ ತೋರಿಸುವವರಿಗೆ ಒಂದು ಸಲಹೆ ಕೊಟ್ಟ: ರೈಲಿನ ಚಿತ್ರದಲ್ಲಿ ಸುರಂಗದ ಕತ್ತಲು ಬರುವ ಕಡೆ ಕತ್ತರಿಸಿ ಈ ಶಾಟನ್ನು ನಡುವೆ ಅಂಟಿಸಿ, ಆಮೇಲೆ ರೈಲು ಹೊರಬರುವುದನ್ನು ತೋರಿಸಿ. ಚಿತ್ರದ ಹೆಸರು ‘ಎ ಕಿಸ್ ಇನ್ ದ ಟನಲ್’.

ಮೂರೇ ತುಣುಕು. ಮೊದಲನೆಯದು ಮತ್ತು ಮೂರನೆಯದು ಒಬ್ಬನವು, ನಡುವಿನದು ಇನ್ನೊಬ್ಬನದು. ಆ ದಂಪತಿ ಆ ರೈಲನ್ನು ಹತ್ತಿಯೇ ಇರಲಿಲ್ಲ. ಆದರೂ ನೋಡಿದವರೆಲ್ಲ ಅವರು ಆ ರೈಲಿನಲ್ಲೇ ಇದ್ದಾರೆ, ಕತ್ತಲು ಕವಿದ ಹೊತ್ತಿನಲ್ಲೇ ಮುತ್ತಿಟ್ಟರು ಎಂದು ನಂಬಿದರು. ಅದನ್ನು ಅವರಿಗೆ ಯಾರೂ ಹೇಳಿಕೊಡಲಿಲ್ಲ. ಇಂದು ನಾನು ಹೇಳಬೇಕೆಂದಿರುವ ಎಲ್ಲದರ ಬೀಜ ಇದರಲ್ಲಿದೆ. ತುಣುಕುಗಳನ್ನು ಜೋಡಿಸುವವನು ಸಂಕಲನಕಾರ; ಆ ಜೋಡಣೆಗೆ ಅರ್ಥ ಕೊಡುವವನು ನೋಡುಗ.

ಇದನ್ನು ಪ್ರಯೋಗ ಮಾಡಿಯೇ ತೋರಿಸಿದವನು ರಷ್ಯಾದ ಲೆವ್ ಕುಲೆಶೋವ್. 1920ರ ಆಸುಪಾಸಿನ ಮಾತು. ಮೋಜುಖಿನ್ ಎಂಬ ನಟನ ಒಂದೇ ಮುಖದ ಶಾಟನ್ನು ತೆಗೆದುಕೊಂಡು, ಒಮ್ಮೆ ಅದರ ಪಕ್ಕದಲ್ಲಿ ಸೂಪಿನ ಬಟ್ಟಲು ಇಟ್ಟ, ಇನ್ನೊಮ್ಮೆ ಶವಪೆಟ್ಟಿಗೆ, ಮತ್ತೊಮ್ಮೆ ಒಬ್ಬ ಹೆಣ್ಣು. ನೋಡಿದವರು ಮೊದಲನೆಯದರಲ್ಲಿ ಹಸಿವು ಕಂಡರು, ಎರಡನೆಯದರಲ್ಲಿ ದುಃಖ, ಮೂರನೆಯದರಲ್ಲಿ ಆಸೆ. ಮುಖ ಮಾತ್ರ ಒಂದೇ. ಕುಲೆಶೋವನ ಈ ಪ್ರಯೋಗವನ್ನು ಸಿನಿಮಾ ಓದುವವರೆಲ್ಲ ಉದಾಹರಿಸುತ್ತಾರೆ. ಅವನ ಇನ್ನೊಂದು ಪ್ರಯೋಗ ಅಷ್ಟು ಪ್ರಸಿದ್ಧವಲ್ಲ, ಆದರೆ ಮಲೆನಾಡಿನವರಾದ ನಮಗೆ ಅದೇ ಹೆಚ್ಚು ಮುಖ್ಯ. ಮಾಸ್ಕೋದ ಬೇರೆ ಬೇರೆ ಬೀದಿಗಳಲ್ಲಿ ನಡೆಯುವ ಗಂಡು ಹೆಣ್ಣನ್ನು ಅವನು ಒಂದೇ ಜಾಗದಲ್ಲಿ ಭೇಟಿಯಾದಂತೆ ಜೋಡಿಸಿದ. ಅವರು ಕೈತೋರಿಸಿ ನೋಡಿದ ಕಡೆ ಅಮೆರಿಕದ ಶ್ವೇತಭವನದ ತುಣುಕು ಅಂಟಿಸಿದ. ಪರದೆಯ ಮೇಲೆ ಮಾಸ್ಕೋ ಮತ್ತು ವಾಷಿಂಗ್ಟನ್ ಒಂದೇ ಬೀದಿಯಾದವು. ನೆಲದ ಮೇಲೆ ಎಲ್ಲೂ ಇಲ್ಲದ ಊರನ್ನು ಕತ್ತರಿ ಮತ್ತು ಅಂಟು ಕಟ್ಟಬಲ್ಲವು ಎಂದು ಆಗ ಗೊತ್ತಾಯಿತು.

ಈಗ ನಮ್ಮ ಸಕಲೇಶಪುರ ತಾಲ್ಲೂಕಿಗೆ ಬರೋಣ. 2006ರ ಡಿಸೆಂಬರ್ 29ರಂದು ಬಿಡುಗಡೆಯಾದ ‘ಮುಂಗಾರು ಮಳೆ’ಯನ್ನು ಇಲ್ಲಿ ನೋಡದವರು ಕಡಿಮೆ. ಯೋಗರಾಜ್ ಭಟ್ಟರ ನಿರ್ದೇಶನ, ಎಸ್. ಕೃಷ್ಣ ಅವರ ಛಾಯಾಗ್ರಹಣ, ದೀಪು ಎಸ್. ಕುಮಾರ್ ಅವರ ಸಂಕಲನ. ನಾಯಕ ಪ್ರೀತಮ್ ಬೆಂಗಳೂರಿನಿಂದ ಅಮ್ಮನೊಡನೆ ಮಡಿಕೇರಿಗೆ ಮದುವೆಗೆ ಬರುತ್ತಾನೆ ಎನ್ನುವುದು ಕಥೆ. ಆದರೆ ಆ ಮಡಿಕೇರಿಯಲ್ಲಿ ಎಷ್ಟೋ ಪಾಲು ಸಕಲೇಶಪುರದ ಸುತ್ತಲಿನ ತೋಟ, ಗುಡ್ಡ, ರಸ್ತೆಗಳು. ಅದರ ಜೊತೆಗೆ ನಿಜವಾದ ಮಡಿಕೇರಿ, ಅದರ ಜೊತೆಗೆ ಶಿವಮೊಗ್ಗ ಜಿಲ್ಲೆಯ ಜೋಗ. ಕಥೆಯ ಊರು ಒಂದು, ಚಿತ್ರಿಸಿದ ನೆಲ ಮೂರು ಜಿಲ್ಲೆಯದು. ಅವನ್ನೆಲ್ಲ ಹೊಲಿದದ್ದು ಸಂಕಲನದ ಮೇಜು ಮತ್ತು ಎಡೆಬಿಡದೆ ಸುರಿಯುವ ಮಳೆಯ ಸದ್ದು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನೋಡಿದವರಿಗೆ ಎಲ್ಲೂ ಹೊಲಿಗೆ ಕಾಣಲಿಲ್ಲ. ಇಲ್ಲಿನವರಿಗೆ ಕಂಡಿತು. ‘ಅರೆ, ಇದು ನಮ್ಮ ರಸ್ತೆ ಅಲ್ವಾ’ ಎಂದು ಥಿಯೇಟರಿನಲ್ಲಿ ಪಿಸುಗುಟ್ಟಿದ ಆ ಕ್ಷಣದಲ್ಲಿ ನೀವು ಕಥೆಯಿಂದ ಒಂದು ಹೆಜ್ಜೆ ಹೊರಗೆ ಬಂದು ಸಂಕಲನವನ್ನೇ ನೋಡಿದಿರಿ. ಸಿನಿಮಾ ಶಾಲೆಯಲ್ಲಿ ತಿಂಗಳುಗಟ್ಟಲೆ ಕಲಿಸುವ ಕಣ್ಣು ಅದು. ಚಿತ್ರೀಕರಣ ನಡೆಯುವ ಊರಿನ ಜನಕ್ಕೆ ಅದು ತಾನಾಗಿಯೇ ಬರುತ್ತದೆ.

ಅದೇ ನಿರ್ದೇಶಕರ ‘ಗಾಳಿಪಟ’ (2008) ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮುಗಿಲುಪೇಟೆ ಎಂಬ ಕಲ್ಪನೆಯ ಊರು ಅದರಲ್ಲಿ ಬರುತ್ತದೆ. ಪುಷ್ಪಗಿರಿ ಶ್ರೇಣಿಯ ಆಚೆ ಮಗ್ಗುಲಿನ ಮಾಂದಲಪಟ್ಟಿಯನ್ನು ಇವತ್ತು ಪ್ರವಾಸಿಗಳು ಆ ಹೆಸರಿನಲ್ಲೇ ಕರೆಯುತ್ತಾರೆ. ಸಿನಿಮಾದಲ್ಲಿ ಕಟ್ಟಿದ ಊರಿನ ಹೆಸರು ಹಿಂದಿರುಗಿ ಬಂದು ನೆಲಕ್ಕೇ ಅಂಟಿಕೊಂಡಿತು.

ಹೀಗೆ ಒಂದು ಊರನ್ನು ಇನ್ನೊಂದಾಗಿ ತೋರಿಸುವುದು ತಪ್ಪೇ? ತಪ್ಪಲ್ಲ. ‘ಅಪೊಕ್ಯಾಲಿಪ್ಸ್ ನೌ’, ‘ದ ಇಂಗ್ಲಿಷ್ ಪೇಶಂಟ್’ನಂಥ ಚಿತ್ರಗಳನ್ನು ಸಂಕಲಿಸಿದ ವಾಲ್ಟರ್ ಮರ್ಚ್ ತನ್ನ ಪುಸ್ತಕ ‘ಇನ್ ದ ಬ್ಲಿಂಕ್ ಆಫ್ ಆ್ಯನ್ ಐ’ಯಲ್ಲಿ ಒಂದು ಕಟ್ ಸರಿಯೋ ಅಲ್ಲವೋ ಎಂದು ನಿರ್ಧರಿಸಲು ಆರು ಅಳತೆಗಳನ್ನು ಕೊಟ್ಟು, ಪ್ರತಿಯೊಂದಕ್ಕೂ ಶೇಕಡಾ ಲೆಕ್ಕ ಹಾಕಿದ್ದಾನೆ. ಭಾವಕ್ಕೆ 51, ಕಥೆಗೆ 23, ಲಯಕ್ಕೆ 10, ನೋಡುಗನ ಕಣ್ಣು ಪರದೆಯ ಯಾವ ಮೂಲೆಯಲ್ಲಿದೆ ಎನ್ನುವುದಕ್ಕೆ 7, ಚೌಕಟ್ಟಿನ ಸಮತಲದ ನಿಯಮಕ್ಕೆ 5. ಕೊನೆಗೆ, ನಿಜವಾದ ಜಾಗ, ಯಾರು ಎಲ್ಲಿ ನಿಂತಿದ್ದಾರೆ ಎಂಬುದರ ನಿರಂತರತೆಗೆ 4. ಕಥಾಚಿತ್ರದ ಮಟ್ಟಿಗೆ ನಾನು ಈ ಕ್ರಮವನ್ನು ಮನಸಾರೆ ಒಪ್ಪುತ್ತೇನೆ. ಭಾವ ಸರಿಯಾಗಿದ್ದರೆ ಸಕಲೇಶಪುರ ಮಡಿಕೇರಿಯಾಗಬಹುದು. ಆದರೆ ಆ ಕೊನೆಯ 4ರಲ್ಲಿ ಇರುವುದು ನಮ್ಮ ಊರು ಎಂಬುದನ್ನು ಮಾತ್ರ ಮರೆಯಬಾರದು. ಕಥೆ ಹೇಳುವಾಗ ಅದನ್ನು ಬಿಟ್ಟುಕೊಡಬಹುದು. ಸಾಕ್ಷಿ ಹೇಳುವಾಗ ಬಿಟ್ಟುಕೊಡಲಾಗದು. ಇದೇ ಇಂದಿನ ನನ್ನ ವಾದ. ಅಲ್ಲಿಗೆ ಹೋಗುವ ಮುನ್ನ ಸಂಕಲನಕಾರ ದಿನವೂ ಮಾಡುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲು ನಿರಂತರತೆ, ಚಿತ್ರರಂಗದಲ್ಲಿ ಎಲ್ಲರೂ ಕಂಟಿನ್ಯೂಟಿ ಎನ್ನುವುದು. ಮಲೆನಾಡಿನಲ್ಲಿ ಚಿತ್ರೀಕರಿಸಿದ ರಷಸ್, ಅಂದರೆ ಇನ್ನೂ ಕತ್ತರಿಸದ ಮೂಲ ತುಣುಕುಗಳು, ಸಂಕಲನಕಾರನಿಗೆ ತಲೆನೋವು. ಬಿಸಿಲೆ ಘಾಟಿಯಲ್ಲಿ ನಾಯಕ ಒಂದು ವಾಕ್ಯ ಹೇಳುವಾಗ ಎದುರಿನ ಬೆಟ್ಟ ಹಸಿರಾಗಿ ಹೊಳೆಯುತ್ತಿರುತ್ತದೆ. ಕ್ಯಾಮೆರಾ ಈ ಕಡೆ ತಿರುಗಿಸಿ, ಬೆಳಕು ಸರಿಮಾಡಿ, ನಾಯಕಿಯ ಉತ್ತರವನ್ನು ತೆಗೆಯುವಷ್ಟರಲ್ಲಿ ಮಂಜು ಬಂದು ಬೆಟ್ಟವೇ ಇಲ್ಲ. ಕಥೆಯಲ್ಲಿ ನಡುವೆ ಕಳೆದದ್ದು ಒಂದು ಉಸಿರು, ನೆಲದ ಮೇಲೆ ಕಳೆದದ್ದು ಮುಕ್ಕಾಲು ಗಂಟೆ. ಈಗ ಮಾಡುವುದೇನು? ಹಳೆಯ ಉಪಾಯಗಳು ಕೆಲವು ಇವೆ. ನಾಯಕ ತಲೆ ತಿರುಗಿಸಲು ಆರಂಭಿಸಿದ ಚಲನೆಯ ನಡುವೆಯೇ ಕತ್ತರಿಸಿದರೆ ನೋಡುಗನ ಕಣ್ಣು ಚಲನೆಯನ್ನು ಹಿಂಬಾಲಿಸುತ್ತದೆ, ಹಿನ್ನೆಲೆಯನ್ನು ಮರೆಯುತ್ತದೆ. ಅಥವಾ ನಡುವೆ ಒಂದು ತುಣುಕು ತುರುಕಬೇಕು: ಕಾಫಿ ಗಿಡದ ಎಲೆಯಿಂದ ಇಳಿಯುವ ಹನಿ, ಬಾಗಿಲಲ್ಲಿ ನಿಂತ ಅಜ್ಜಿಯ ಮುಖ, ದೂರದಲ್ಲಿ ಹೊರಳುವ ಜೀಪು. ಎರಡು ಸೆಕೆಂಡಿನ ಆ ತುಣುಕು ಹೊತ್ತನ್ನು ನುಂಗಿಕೊಂಡುಬಿಡುತ್ತದೆ. ಅದಾದ ಮೇಲೆ ಮಂಜು ಬಂದರೆ ಯಾರೂ ಕೇಳುವುದಿಲ್ಲ. ಆದ್ದರಿಂದಲೇ ಅನುಭವಸ್ಥ ನಿರ್ದೇಶಕರು ಘಟ್ಟಕ್ಕೆ ಬಂದರೆ ಕಥೆಗೆ ಬೇಡವೆನಿಸುವ ಎಲೆ, ತೊರೆ, ಹಂಚಿನ ಮಾಡುಗಳನ್ನೂ ಧಾರಾಳವಾಗಿ ಚಿತ್ರಿಸಿಕೊಂಡು ಹೋಗುತ್ತಾರೆ. ಪ್ರಕೃತಿ ಸೌಂದರ್ಯ ತೋರಿಸಲು ಎಂದು ನಾವು ಭಾವಿಸುವ ಎಷ್ಟೋ ಶಾಟುಗಳ ನಿಜವಾದ ಕೆಲಸ ಬೆಸುಗೆ ಹಾಕುವುದು.

ಮಳೆಯ ಬಗ್ಗೆಯೂ ಒಂದು ಮಾತು. ಹಿಂದಿನಿಂದ ಬೆಳಕು ಬೀಳದಿದ್ದರೆ ಮಳೆಯ ಹನಿ ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದಿಲ್ಲ. ಆಷಾಢದಲ್ಲಿ ಹೊರಗೆ ಹಗ್ಗದಂತೆ ಸುರಿಯುತ್ತಿದ್ದರೂ ಪರದೆಯ ಮೇಲೆ ಬರೀ ಬೂದು ಬಣ್ಣ ಕಾಣಬಹುದು. ಅದಕ್ಕೇ ಮಳೆಯನ್ನು ನಂಬಿಸುವುದರಲ್ಲಿ ಅರ್ಧ ಪಾಲು ಶಬ್ದದ್ದು. ಒಂದು ಶಾಟಿನಲ್ಲಿ ಹನಿ ದಪ್ಪ, ಮುಂದಿನದರಲ್ಲಿ ಸಣ್ಣ. ಆದರೆ ಹಂಚಿನ ಮೇಲೆ ಬೀಳುವ ಸದ್ದು ಒಂದೇ ಸಮನೆ ಹರಿಯುತ್ತಿದ್ದರೆ ಕಣ್ಣು ಕಿವಿಯನ್ನು ನಂಬುತ್ತದೆ. ಶಬ್ದ ಮತ್ತು ಚಿತ್ರವನ್ನು ಒಂದೇ ಕಡೆ ಕತ್ತರಿಸಬೇಕಾಗಿಲ್ಲ ಎನ್ನುವುದು ಸಂಕಲನದ ಅತಿ ದೊಡ್ಡ ಅರಿವುಗಳಲ್ಲಿ ಒಂದು. ಮುಂದಿನ ದೃಶ್ಯದ ಸದ್ದು ಹಿಂದಿನ ದೃಶ್ಯದಲ್ಲೇ ಶುರುವಾಗಬಹುದು: ಅಡುಗೆಮನೆಯಲ್ಲಿ ಮಾತಾಡುತ್ತಿರುವ ತಾಯಿಯ ಮುಖದ ಮೇಲೆಯೇ ರೈಲಿನ ಸಿಳ್ಳೆ ಕೇಳಿಸಿ, ಆಮೇಲೆ ನಿಲ್ದಾಣ ಕಂಡರೆ, ಮಗ ಊರು ಬಿಡುವುದು ಮಾತಿಗಿಂತ ಮೊದಲೇ ನಮಗೆ ತಿಳಿಯುತ್ತದೆ. ಹಿಂದಿನ ದೃಶ್ಯದ ಸದ್ದು ಮುಂದಿನದರೊಳಗೂ ಹರಿಯಬಹುದು. ಒಳ್ಳೆಯ ಚಿತ್ರದಲ್ಲಿ ಕಟ್ ಕಾಣದಿರಲು ಬಹುಪಾಲು ಕಾರಣ ಇದೇ. ಇದನ್ನು ಗಮನಿಸಲು ಸುಲಭದ ದಾರಿ, ಕಣ್ಣು ಮುಚ್ಚಿ ಐದು ನಿಮಿಷ ಒಂದು ಸಿನಿಮಾ ಕೇಳುವುದು.

ಕಾಲವನ್ನು ಕುಗ್ಗಿಸುವುದು ಇನ್ನೊಂದು ಕೆಲಸ. ನಮ್ಮ ಪಕ್ಕದ ಮೂಡಿಗೆರೆಯಲ್ಲಿ ಬದುಕಿದ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಗಿರೀಶ ಕಾಸರವಳ್ಳಿಯವರು ‘ತಬರನ ಕಥೆ’ಯಾಗಿಸಿದರು. 1986ರ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು, ತಬರನಾಗಿದ್ದ ಚಾರುಹಾಸನ್ ಅವರಿಗೂ ಬಂತು. ಸಂಕಲನ ಎಂ.ಎನ್. ಸ್ವಾಮಿಯವರದು. ನಿವೃತ್ತ ನೌಕರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಮನೆಯಲ್ಲಿ ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತಿದೆ. ಈ ಕಥೆಯನ್ನು ಅವಸರದ ಕೈಗೆ ಕೊಟ್ಟಿದ್ದರೆ ಕ್ಯಾಲೆಂಡರಿನ ಹಾಳೆಗಳು ಹಾರುವುದನ್ನು ತೋರಿಸಿ ಮುಗಿಸುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. ಮತ್ತೆ ಅದೇ ಕಚೇರಿ, ಮತ್ತೆ ಅದೇ ಮೇಜು, ಮತ್ತೆ ಅದೇ ಕಾಯುವಿಕೆ. ದೃಶ್ಯಗಳ ನಡುವಿನ ದಿನಗಳನ್ನು ಕತ್ತರಿಸಿದ್ದಾರೆ. ದೃಶ್ಯದ ಒಳಗಿನ ಕಾಯುವಿಕೆಯನ್ನು ಕತ್ತರಿಸಿಲ್ಲ. ಯಾವುದನ್ನು ಬಿಟ್ಟು ಯಾವುದನ್ನು ಉಳಿಸಿದರು ಎಂಬ ಈ ಆಯ್ಕೆಯಲ್ಲೇ ಚಿತ್ರದ ನೀತಿ ಇದೆ. ತಬರನಂಥವರನ್ನು ಕಚೇರಿಯ ಬೆಂಚಿನ ಮೇಲೆ ನಾವೆಲ್ಲ ನೋಡಿದ್ದೇವೆ, ದಾಟಿ ಹೋಗಿದ್ದೇವೆ. ಚಿತ್ರ ನಮ್ಮನ್ನು ಅವನ ಪಕ್ಕದಲ್ಲಿ ಕೂರಿಸುತ್ತದೆ.

ಅದೇ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ (1977) ದೃಷ್ಟಿಕೋನದ ಪಾಠ. ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣ. ವಿಧವೆ ಯಮುನಕ್ಕ ಬಸುರಾಗಿ, ಬದುಕಿರುವಾಗಲೇ ತಂದೆಯಿಂದ ಶ್ರಾದ್ಧ ಮಾಡಿಸಿಕೊಳ್ಳುವ ಕಥೆಯನ್ನು ನಾವು ನೋಡುವುದು ವೇದ ಕಲಿಯಲು ಬಂದ ಸಣ್ಣ ಹುಡುಗ ನಾಣಿಯ ಕಣ್ಣಿನಿಂದ. ಹುಡುಗ ನೋಡುತ್ತಾನೆ, ಅವನು ನೋಡಿದ್ದು ಕಾಣುತ್ತದೆ, ಮತ್ತೆ ಅವನ ಮುಖ. ಮುಖ, ನೋಟ, ಮುಖ: ಕುಲೆಶೋವನ ಸೂತ್ರವೇ. ಆದರೆ ಹುಡುಗನಿಗೆ ಅರ್ಥವಾಗದ ಕಡೆ ಕಟ್ ನಮಗೂ ಪೂರ್ತಿ ಅರ್ಥ ಕೊಡುವುದಿಲ್ಲ. ದೊಡ್ಡವರ ಲೋಕದ ಕ್ರೌರ್ಯ ಹೀಗೆ ಅರೆಬರೆಯಾಗಿ ಬಂದು ಎದೆಗೆ ನಾಟುತ್ತದೆ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನಕ್ಕನನ್ನು ನಾಣಿ ಬಿಟ್ಟುಹೋಗುವಾಗ ಯಾವ ಮಾತೂ ಬೇಕಾಗುವುದಿಲ್ಲ. ಈ ಚಿತ್ರವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ಚಿತ್ರಗಳ ವಿಭಾಗದಲ್ಲಿ ತೋರಿಸಿದರು. ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಅದನ್ನು ತೋರಿಸುವ ದಿನ ಬೇಗ ಬರಲಿ ಎಂಬುದು ನನ್ನ ಆಸೆ.

ಏಕಕಾಲದಲ್ಲಿ ಎರಡು ಕಡೆ ನಡೆಯುವುದನ್ನು ಹೆಣೆದು ತೋರಿಸುವುದಕ್ಕೆ ಹಾಸನ ಜಿಲ್ಲೆಯದೇ ಉದಾಹರಣೆ ಇದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯಿಂದ ಸಿದ್ದಲಿಂಗಯ್ಯನವರು ಮಾಡಿದ ‘ಭೂತಯ್ಯನ ಮಗ ಅಯ್ಯು’ (1974) ಚಿತ್ರದ ಪ್ರವಾಹ. ಏರುವ ನೀರು, ಸಿಕ್ಕಿಬಿದ್ದವರು, ಕಾಪಾಡಲು ಬರುವವನು. ಒಂದರಿಂದ ಇನ್ನೊಂದಕ್ಕೆ ಹೋಗಿಬರುತ್ತ ತುಣುಕುಗಳು ಸಣ್ಣವಾದಂತೆ ನಮ್ಮ ಉಸಿರೂ ಸಣ್ಣದಾಗುತ್ತದೆ. ಚಿತ್ರದುದ್ದಕ್ಕೂ ಬೆಳೆದ ಹಗೆಯನ್ನು ಕರಗಿಸುವುದು ಆ ಹೆಣಿಗೆಯೇ. ‘ಲೂಸಿಯಾ’ (2013) ಎರಡು ಬದುಕುಗಳನ್ನು ಒಂದು ಬಣ್ಣದಲ್ಲಿ, ಒಂದು ಕಪ್ಪುಬಿಳುಪಿನಲ್ಲಿ ಹೆಣೆದು, ಯಾವುದು ಕನಸು ಎಂಬುದನ್ನು ಕೊನೆಯವರೆಗೆ ಮುಚ್ಚಿಟ್ಟಿತು. ‘ಉಳಿದವರು ಕಂಡಂತೆ’ (2014) ಮಲ್ಪೆಯ ಒಂದೇ ಘಟನೆಯ ಸುತ್ತ ಹಲವರ ನೋಟಗಳನ್ನು ಅಧ್ಯಾಯಗಳಾಗಿ ಜೋಡಿಸಿತು. ಇವೆರಡನ್ನೂ ಇಲ್ಲಿ ವಿಸ್ತರಿಸುವುದಿಲ್ಲ, ನೀವು ನೋಡಿಯೇ ಇರುತ್ತೀರಿ.

ಇಲ್ಲಿ ಒಂದು ಕಸರತ್ತನ್ನು ನಿಮ್ಮ ಮುಂದಿಡುತ್ತೇನೆ. ಬಿಸಿಲೆ ರಸ್ತೆಯ ಮಂಕನಹಳ್ಳಿಯ ಹತ್ತಿರ ರಿಡ್ಜ್ ಇದೆ. ಅದರ ಒಂದು ಪಕ್ಕಕ್ಕೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿಯಾಗಿ ಬಂಗಾಳ ಕೊಲ್ಲಿಗೆ. ಇನ್ನೊಂದು ಪಕ್ಕದ್ದು ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಮಂಗಳೂರಿನಲ್ಲಿ ಅರಬ್ಬಿ ಸಮುದ್ರಕ್ಕೆ. ಇದರ ಬಗ್ಗೆ ಮೂರು ನಿಮಿಷದ ಚಿತ್ರ ಮಾಡಿ. ರಿಡ್ಜಿನ ಮಳೆ, ಗೊರೂರಿನ ಅಣೆಕಟ್ಟು, ಹಿನ್ನೀರಿನಲ್ಲಿ ಮುಳುಗಿದ ಶೆಟ್ಟಿಹಳ್ಳಿಯ ಚರ್ಚು, ಸುಬ್ರಹ್ಮಣ್ಯದ ಸ್ನಾನಘಟ್ಟ, ಉಪ್ಪಿನಂಗಡಿಯ ಸಂಗಮ, ಎರಡು ಕಡಲು. ಇಷ್ಟು ಶಾಟುಗಳಿವೆ ಎಂದುಕೊಳ್ಳಿ. ರಿಡ್ಜಿನಿಂದ ಆರಂಭಿಸಿ ಎರಡೂ ನದಿಗಳನ್ನು ಸರದಿಯಲ್ಲಿ ಹಿಂಬಾಲಿಸಿ ಎರಡು ಕಡಲಿನಲ್ಲಿ ಮುಗಿಸಿದರೆ ಅದು ಅಗಲಿಕೆಯ ಕಥೆ. ಅದೇ ಶಾಟುಗಳನ್ನು ತಿರುಗಿಸಿ, ಎರಡು ಕಡಲಿನಿಂದ ಆರಂಭಿಸಿ ಮೇಲೇರುತ್ತ ಬಂದು ಮಂಕನಹಳ್ಳಿಯ ಮಳೆಯಲ್ಲಿ ಮುಗಿಸಿದರೆ ಅದು ಒಂದೇ ತಾಯ ಮಕ್ಕಳ ಕಥೆ. ಮುಳುಗಿದ ಚರ್ಚನ್ನು ಕೊನೆಗೆ ಇಟ್ಟರೆ ಅದು ಅಣೆಕಟ್ಟಿನ ಕಥೆ, ಊರು ಬಿಟ್ಟವರ ಕಥೆ. ಒಂದು ಶಾಟನ್ನೂ ಹೊಸದಾಗಿ ತೆಗೆದಿಲ್ಲ, ಒಂದು ಮಾತನ್ನೂ ಸೇರಿಸಿಲ್ಲ. ಸಂಕಲನ ಎಂದರೆ ಬೇಡದ್ದನ್ನು ಕತ್ತರಿಸುವ ಕೆಲಸ ಎಂದುಕೊಂಡವರಿಗೆ ಇದನ್ನು ಮಾಡಿ ನೋಡಲು ಹೇಳುತ್ತೇನೆ. ಅದು ಬರವಣಿಗೆ.

ಹಿಂದೆ ಈ ಬರವಣಿಗೆ ಕೈಕೆಲಸವಾಗಿತ್ತು. 35 ಎಂಎಂ ಫಿಲ್ಮಿನ ಒಂದು ಅಡಿಗೆ 16 ಫ್ರೇಮು, ಸೆಕೆಂಡಿಗೆ 24 ಫ್ರೇಮು. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ ಹದಿನಾಲ್ಕು ರೀಲು ಬೇಕು. ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ರೀಲಿನ ಲೆಕ್ಕ ಕಂಡಾಗ ಟೆಂಟಿನಲ್ಲಿ ಸಿಳ್ಳೆ ಬೀಳುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಕನ್ನಡದ ಬಹುಪಾಲು ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ಮೂವಿಯೋಲಾ, ಸ್ಟೀನ್‌ಬೆಕ್ ಎಂಬ ಸಂಕಲನ ಯಂತ್ರಗಳ ಮೇಲೆ ಸಿದ್ಧಗೊಳ್ಳುತ್ತಿದ್ದವು. ಆ ಪ್ರಿಂಟುಗಳು ಊರೂರು ಸುತ್ತಿ ಮಲೆನಾಡಿನ ಟೂರಿಂಗ್ ಟಾಕೀಸಿಗೆ ಬರುವ ಹೊತ್ತಿಗೆ ಎಷ್ಟೋ ಕಡೆ ಹರಿದು, ಆಪರೇಟರು ಹರಿದಷ್ಟನ್ನು ತೆಗೆದು ಅಂಟಿಸಿರುತ್ತಿದ್ದ. ಬಾಗಿಲಲ್ಲಿದ್ದ ನಾಯಕ ಥಟ್ಟನೆ ಕುರ್ಚಿಯಲ್ಲಿ ಇರುತ್ತಿದ್ದ. 1960ರಲ್ಲಿ ಫ್ರಾನ್ಸಿನ ಗೊದಾರ್ ‘ಬ್ರೆತ್‌ಲೆಸ್’ ಚಿತ್ರದಲ್ಲಿ ಬೇಕೆಂದೇ ಹೀಗೆ ನಡುವಿನದನ್ನು ಹಾರಿಸಿ ಕತ್ತರಿಸಿದಾಗ ಅದಕ್ಕೆ ಜಂಪ್ ಕಟ್ ಎಂಬ ಹೆಸರು ಊರ್ಜಿತವಾಯಿತು, ಪುಸ್ತಕಗಳು ಬಂದವು. ನಮ್ಮ ಟೆಂಟಿನ ಜನ ಆ ಜಿಗಿತವನ್ನು ಯಾವ ಪುಸ್ತಕವೂ ಇಲ್ಲದೆ ದಾಟಿಕೊಂಡು ಕಥೆ ಹಿಡಿಯುತ್ತಿದ್ದರು. ನೋಡುಗರ ಬುದ್ಧಿಯನ್ನು ಕಡಿಮೆ ಅಂದಾಜು ಮಾಡುವ ನಿರ್ದೇಶಕರು ಇದನ್ನು ನೆನಪಿಡಬೇಕು.

ಸಂಕಲನಕಾರರ ಹೆಸರು ಪ್ರೇಕ್ಷಕರಿಗೆ ತಿಳಿಯದೇ ಹೋಗುವುದು ನನಗೆ ಬಹಳ ನೋವಿನ ಸಂಗತಿ. ಮಣಿರತ್ನಂ ಅವರ ‘ಬಾಂಬೆ’ಗೆ ಸಂಕಲನದ ರಾಷ್ಟ್ರಪ್ರಶಸ್ತಿ ಪಡೆದ ಸುರೇಶ್ ಅರಸ್ ಕನ್ನಡದವರು. ಮಂಸೋರೆ ನಿರ್ದೇಶನದ ‘ನಾತಿಚರಾಮಿ’ಗೆ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ನಾಗೇಂದ್ರ ಕೆ. ಉಜ್ಜನಿ ಅದೇ ಗೌರವ ಪಡೆದರು. ಇಲ್ಲಿ ಕೂತಿರುವ ಹುಡುಗರು ‘ಕೆಜಿಎಫ್’ ಎರಡನೆಯ ಭಾಗದ (2022) ಉಜ್ವಲ್ ಕುಲಕರ್ಣಿಯವರ ಹೆಸರನ್ನು ಹೇಳಬಲ್ಲರು. ಅಭಿಮಾನಿಯಾಗಿ ವಿಡಿಯೊ ಕತ್ತರಿಸಿ ಯೂಟ್ಯೂಬಿಗೆ ಹಾಕುತ್ತಿದ್ದ ಹುಡುಗ ಅಷ್ಟು ದೊಡ್ಡ ಚಿತ್ರದ ಮೇಜಿಗೆ ಬಂದ. ಆ ಚಿತ್ರದ ಒಂದು ಬೆನ್ನಟ್ಟುವಿಕೆಯಲ್ಲಿ ಪ್ರತಿ ತುಣುಕಿನ ನಡುವೆ ಪರದೆ ಕಪ್ಪಾಗುತ್ತದೆ, ಬೆಳಗುತ್ತದೆ, ಮತ್ತೆ ಕಪ್ಪಾಗುತ್ತದೆ. ಅದರ ಬಗ್ಗೆ ಜನ ಎರಡು ಪಂಗಡವಾದರು. ನನಗೆ ಆ ದೃಶ್ಯ ಇಷ್ಟ; ಆದರೆ ಇಡೀ ಚಿತ್ರದ ವೇಗ ನನ್ನನ್ನು ದಣಿಸುತ್ತದೆ. ಪ್ರತಿ ಶಾಟೂ ಶಿಖರವಾದರೆ ನೋಡುಗನಿಗೆ ನಿಲ್ಲಲು ತಾವು ಸಿಗುವುದಿಲ್ಲ. ಇದಕ್ಕೆ ಎದುರಾಗಿ ‘ತಿಥಿ’ಯನ್ನು ಇಡುತ್ತೇನೆ. ರಾಮ್ ರೆಡ್ಡಿ ನಿರ್ದೇಶನ, ಜಾನ್ ಜಿಮ್ಮರ್‌ಮನ್ ಸಂಕಲನ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ಚಿತ್ರ. ಮಂಡ್ಯದ ನೊದೆಕೊಪ್ಪಲಿನ ಜನರೇ ನಟರು. ಸೆಂಚುರಿ ಗೌಡನ ಸಾವಿನಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ಮಗ, ಮೊಮ್ಮಗ, ಮರಿಮಗ ಮೂರು ದಾರಿ ಹಿಡಿಯುತ್ತಾರೆ. ಒಬ್ಬೊಬ್ಬರ ದಾರಿಗೂ ಅವರವರ ನಡಿಗೆಯ ವೇಗವನ್ನೇ ಕೊಟ್ಟಿದ್ದಾರೆ. ಅಲ್ಲಿ ಮರ್ಚನ ಆ ಕೊನೆಯ 4 ಕೂಡ ಕಳೆದುಹೋಗಿಲ್ಲ. ಊರು ಊರಾಗಿಯೇ ಉಳಿದಿದೆ.

ಈಗ ನನ್ನ ವಾದದ ಎರಡನೆಯ ಭಾಗಕ್ಕೆ ಬರುತ್ತೇನೆ. 2023ರ ಡಿಸೆಂಬರ್ 4ರಂದು ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯ ವೇಳೆ, ಮೈಸೂರು ದಸರೆಯ ಚಿನ್ನದ ಅಂಬಾರಿಯನ್ನು ಎಂಟು ಬಾರಿ ಹೊತ್ತ ಸಾಕಾನೆ ಅರ್ಜುನ, ಕಾಡಾನೆಯೊಡನೆ ಕಾದಾಡುತ್ತ ಸತ್ತ. ಅವನನ್ನು ಮಣ್ಣು ಮಾಡಿದ್ದೂ ಇಲ್ಲಿಯೇ. ಆ ವಾರ ನಾಡಿನ ಪರದೆಗಳ ಮೇಲೆಲ್ಲ ಮೈಸೂರಿನ ಮೆರವಣಿಗೆ ಮತ್ತು ಯಸಳೂರಿನ ಕಾಡು ಅಕ್ಕಪಕ್ಕ ಬಂದವು. ಅಂಬಾರಿ, ಕಾಡು, ಅಳುವ ಮುಖ, ಮತ್ತೆ ಅಂಬಾರಿ, ಕೆಳಗೆ ನಿಧಾನದ ಸಂಗೀತ. ಅಳದವರು ಯಾರು? ನಾನೂ ಅತ್ತೆ. ಆ ದುಃಖ ಸುಳ್ಳಲ್ಲ. ಆದರೆ ಆ ಜೋಡಣೆಯಲ್ಲಿ ಜಾಗ ಸಿಗದ ಶಾಟುಗಳನ್ನು ನೆನೆಯಿರಿ: ತುಳಿದ ಗದ್ದೆ, ಮುರಿದ ಕಾಫಿ ಗಿಡ, ಕತ್ತಲಾದ ಮೇಲೆ ಮನೆಯಿಂದ ಹೊರಬರಲು ಹೆದರುವ ಕೂಲಿಯ ಹೆಂಗಸು, ಆನೆ ತುಳಿತಕ್ಕೆ ಯಜಮಾನನನ್ನು ಕಳೆದುಕೊಂಡ ಮನೆ, ತುಂಡು ತುಂಡಾದ ಕಾಡಿನಲ್ಲಿ ದಾರಿ ಹುಡುಕುವ ಆನೆಗಳ ಹಿಂಡು. ಇವು ಇಲ್ಲದ ಕಾರಣ ಅರ್ಜುನ ಇಲ್ಲಿಗೆ ಯಾಕೆ ಬಂದ ಎಂಬ ಪ್ರಶ್ನೆಗೆ ಪರದೆಯಲ್ಲಿ ಉತ್ತರವೇ ಇರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ. ಕತ್ತರಿ ಇಟ್ಟ ಜಾಗದಲ್ಲಿ ಒಂದು ತಾಲ್ಲೂಕಿನ ವರ್ಷಗಟ್ಟಲೆಯ ಕಷ್ಟ ಹೊರಗೆ ಉಳಿಯಿತು.

ಫೋನಿನಲ್ಲಿ ಬರುವ ಆನೆ ವಿಡಿಯೊಗಳಲ್ಲಿ ಇದು ದಿನವೂ ನಡೆಯುತ್ತದೆ. ಆನೆ ಅಟ್ಟಿಸಿಕೊಂಡು ಬಂದ ಹದಿನೈದು ಸೆಕೆಂಡು ಎಲ್ಲರಿಗೂ ತಲುಪುತ್ತದೆ. ಅದಕ್ಕೆ ಮೊದಲು ಪಟಾಕಿ ಎಸೆದ ಐದು ಸೆಕೆಂಡನ್ನು ಯಾರೋ ಕತ್ತರಿಸಿರುತ್ತಾರೆ. ಇನ್ನೊಂದು ಕಡೆ ಜನ ಕಲ್ಲು ಹೊಡೆಯುವುದು ಮಾತ್ರ ಕಾಣುತ್ತದೆ. ರಾತ್ರಿಯಿಡೀ ಅವರು ಕಳೆದುಕೊಂಡ ಫಸಲು ಕಾಣುವುದಿಲ್ಲ. ಬೇರೆ ರಾಜ್ಯದ ಆನೆಗೆ ಸಕಲೇಶಪುರದ ಹೆಸರು ಅಂಟಿಸಿ ಕಳಿಸುವುದೂ ಉಂಟು. ಕುಲೆಶೋವ್ ಮಾಸ್ಕೋ ವಾಷಿಂಗ್ಟನ್ ಬೆಸೆದದ್ದು ಕಲೆಯ ಶಕ್ತಿ ತೋರಿಸಲು. ಯೋಗರಾಜ್ ಭಟ್ಟರು ಸಕಲೇಶಪುರವನ್ನು ಮಡಿಕೇರಿ ಮಾಡಿದ್ದು ಪ್ರೇಮಕಥೆಗೆ. ಅಲ್ಲಿ ನಾವು ಟಿಕೆಟ್ ಕೊಂಡು ಒಪ್ಪಿಗೆ ಕೊಟ್ಟು ಕೂತಿರುತ್ತೇವೆ. ಸುದ್ದಿಗೆ, ಸಾಕ್ಷ್ಯಚಿತ್ರಕ್ಕೆ, ‘ನೋಡಿ ಇಲ್ಲಿ ಹೀಗಾಯಿತು’ ಎಂದು ಕಳಿಸುವ ವಿಡಿಯೊಗೆ ಆ ಒಪ್ಪಿಗೆಯನ್ನು ನಾವು ಕೊಟ್ಟಿಲ್ಲ. ಅಲ್ಲಿ ಮರ್ಚನ ಪಟ್ಟಿ ತಲೆಕೆಳಗಾಗಬೇಕು: ಜಾಗ ಯಾವುದು, ಹೊತ್ತು ಯಾವುದು, ಮುಂಚೆ ಏನಾಯಿತು ಎಂಬುದು ಮೊದಲು, ಭಾವ ಆಮೇಲೆ.

ಯುವಜನರಲ್ಲಿ ನನ್ನ ಕೋರಿಕೆ ಇದು. ನಿಮ್ಮ ಫೋನಿನಲ್ಲೇ ಇವತ್ತು ಸಂಕಲನದ ಮೇಜು ಇದೆ. ರೀಲ್ಸ್ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಕತ್ತರಿಸುವ ಮುಂಚಿನ ಮೂಲವನ್ನು ಅಳಿಸಬೇಡಿ. ಸುಗ್ಗಿ ಕುಣಿತವನ್ನು ಚಿತ್ರಿಸಿದರೆ ಒಂದು ಸುತ್ತು ಪೂರ್ತಿ ಬರುವವರೆಗೆ ಕ್ಯಾಮೆರಾ ನಿಲ್ಲಿಸಬೇಡಿ, ಅದರ ಮೇಲೆ ಬೇರೆ ಹಾಡು ಹಾಕಬೇಡಿ. ಆನೆ ಕಂಡರೆ ಮೊದಲು ಜೀವ ಉಳಿಸಿಕೊಳ್ಳಿ. ದೂರದಿಂದ ಚಿತ್ರಿಸಿದ್ದಾದರೆ ಮೊದಲೂ ಕೊನೆಯೂ ಇರುವಂತೆ ಇಡಿ. ಮನೆಯ ಅಟ್ಟದಲ್ಲಿ ಹಳೆಯ ಮದುವೆಯ, ಜಾತ್ರೆಯ, ಊರಹಬ್ಬದ ವಿಎಚ್‌ಎಸ್ ಕ್ಯಾಸೆಟ್ಟುಗಳಿದ್ದರೆ ಈ ಮಳೆಗಾಲದ ಬೂಷ್ಟು ಹಿಡಿಯುವ ಮುನ್ನ ಅವನ್ನು ಡಿಜಿಟಲ್ ಮಾಡಿಸಿ. ಪ್ರತಿ ಫೈಲಿಗೂ ಊರಿನ ಹೆಸರು, ತಾರೀಕು, ಚಿತ್ರಿಸಿದವರ ಹೆಸರು ಬರೆಯಿರಿ. ಸಕಲೇಶಪುರ, ಆಲೂರಿನ ಕಾಲೇಜು ಗ್ರಂಥಾಲಯಗಳು ಇಂಥ ತುಣುಕುಗಳನ್ನು ಪಡೆದು ಇಡಲು ಒಂದು ಕಪಾಟು, ಒಂದು ಹಾರ್ಡ್ ಡಿಸ್ಕ್ ಮೀಸಲಿಡಲಿ. ಈ ಸಭೆಯಲ್ಲಿರುವ ಅಧ್ಯಾಪಕರು ಅದನ್ನು ಈ ವರ್ಷವೇ ಆರಂಭಿಸಬೇಕೆಂದು ಕೇಳಿಕೊಳ್ಳುತ್ತೇನೆ.